ದೂರಶಿಕ್ಷಣದ ವಿದ್ಯಾರ್ಥಿ ಮತ್ತು ಅಹವಾಲಿನ ಹಕ್ಕು



ಕಾಲೇಜಿಗೆ ಹೋಗಿ ಓದುವ ಹುಡುಗನಿಗೆ ಅಂಕಪಟ್ಟಿ ಬರದಿದ್ದರೆ ಅವನು ಮೊದಲು ಕಚೇರಿಯ ಕಿಟಕಿಯ ಮುಂದೆ ಹೋಗಿ ನಿಲ್ಲುತ್ತಾನೆ. ಅಲ್ಲಿ ಉತ್ತರ ಸಿಗದಿದ್ದರೆ ವಿಭಾಗದ ಮೇಷ್ಟರನ್ನು ಹುಡುಕುತ್ತಾನೆ. ಅದೂ ಆಗದಿದ್ದರೆ ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ಪ್ರಾಂಶುಪಾಲರ ಕೊಠಡಿಗೆ ನುಗ್ಗುತ್ತಾನೆ. ದೂರಶಿಕ್ಷಣದಲ್ಲಿ ಓದುವ ಅಂಗನವಾಡಿ ಕಾರ್ಯಕರ್ತೆಗೆ, ಗಾರ್ಮೆಂಟ್ಸ್ ಕಾರ್ಖಾನೆಯ ಮೇಲ್ವಿಚಾರಕನಿಗೆ, ಬಸ್ ನಿರ್ವಾಹಕನಿಗೆ, ಮಕ್ಕಳು ದೊಡ್ಡವರಾದ ಮೇಲೆ ಪದವಿಗೆ ಹೆಸರು ಹಚ್ಚಿದ ಗೃಹಿಣಿಗೆ ಈ ಮೂರೂ ದಾರಿಗಳಿಲ್ಲ. ಕಿಟಕಿ ಬೇರೆ ಜಿಲ್ಲೆಯಲ್ಲಿದೆ, ಮೇಷ್ಟರ ಹೆಸರು ಪಠ್ಯದ ಮುಖಪುಟದಲ್ಲಷ್ಟೇ ಇದೆ, ಸಹಪಾಠಿಗಳು ಯಾರೆಂಬುದು ಪರೀಕ್ಷೆಯ ದಿನದವರೆಗೆ ಗೊತ್ತಿರುವುದಿಲ್ಲ. ಅವರ ಪರವಾಗಿ ಕಚೇರಿಗೆ ಹೋಗಿ ನಿಲ್ಲಬಲ್ಲದ್ದು ಒಂದೇ: ಅವರು ಬರೆದ ಅರ್ಜಿ. ಆ ಅರ್ಜಿ ಎಲ್ಲಿಗೆ ಹೋಗಬೇಕು, ಅದನ್ನು ಕೇಳಿಸಿಕೊಳ್ಳುವ ಹೊಣೆ ಯಾರದು, ಕೇಳಿಸಿಕೊಳ್ಳದಿದ್ದರೆ ಮುಂದೇನು ಎಂಬುದು ಇಂದಿನ ನನ್ನ ವಿಷಯ.

ನಮ್ಮ ದೇಶದಲ್ಲಿ ಅಂಚೆ ಮೂಲಕ ಪದವಿ ಕಲಿಸುವ ಪ್ರಯೋಗ 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಶುರುವಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣ 1969ರಲ್ಲಿ ಬಂತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಇಗ್ನೋ, 1985ರಲ್ಲಿ ಸ್ಥಾಪನೆಯಾಯಿತು. ಮೈಸೂರಿನ ಆ ಅಂಚೆ ಶಿಕ್ಷಣ ಸಂಸ್ಥೆಯೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಉನ್ನತ ಶಿಕ್ಷಣ ಎಲ್ಲರಿಗೂ ಎಲ್ಲೆಡೆ ಎಂಬುದು ಅದರ ಘೋಷವಾಕ್ಯ. ಆ ಮಾತಿಗೆ ನಾನು ಮನಸಾರೆ ತಲೆಬಾಗುತ್ತೇನೆ. ಹೊಲ, ಮನೆ, ನೌಕರಿ ಯಾವುದನ್ನೂ ಬಿಡಲಾಗದವರು ಪದವೀಧರರಾಗಿದ್ದರೆ ಅದಕ್ಕೆ ಈ ವ್ಯವಸ್ಥೆಯೇ ಕಾರಣ. ಆದರೆ ಶಿಕ್ಷಣ ಎಲ್ಲೆಡೆ ತಲುಪಬೇಕಾದರೆ ಉತ್ತರದಾಯಿತ್ವವೂ ಎಲ್ಲೆಡೆ ತಲುಪಬೇಕು. ಪಾಠವನ್ನು ಬೀದರಿನವರೆಗೆ ಕಳಿಸಬಲ್ಲ ಸಂಸ್ಥೆ ಬೀದರಿನಿಂದ ಬಂದ ದೂರನ್ನು ಅಷ್ಟೇ ಶ್ರದ್ಧೆಯಿಂದ ಬರಮಾಡಿಕೊಳ್ಳಬೇಕು.

ಇಲ್ಲಿ ನಮ್ಮ ಮನೋಧರ್ಮದ ಬಗ್ಗೆಯೂ ಒಂದು ಮಾತು ಹೇಳಬೇಕು. ವಿದ್ಯೆ ಕೊಟ್ಟವರ ಮೇಲೆ ದೂರು ಹೇಳುವುದು ನಮ್ಮಲ್ಲಿ ಅನೇಕರಿಗೆ ಕೃತಘ್ನತೆಯಂತೆ ಕಾಣುತ್ತದೆ. ಗುರುವಿನ ಬಗೆಗಿನ ಗೌರವ ದೊಡ್ಡದು, ಅದು ಉಳಿಯಲಿ. ಆದರೆ ಶುಲ್ಕ ಪಡೆದು ರಸೀದಿ ಕೊಡದ ಅಧ್ಯಯನ ಕೇಂದ್ರವಾಗಲಿ, ಪರೀಕ್ಷೆ ಬರೆದವರನ್ನು ಗೈರುಹಾಜರಿ ಎಂದು ನಮೂದಿಸಿದ ಪರೀಕ್ಷಾಂಗವಾಗಲಿ ಗುರುವಿನ ಸ್ಥಾನದಲ್ಲಿಲ್ಲ. ಅವು ಆಡಳಿತದ ಅಂಗಗಳು. ಆಡಳಿತದ ಲೋಪವನ್ನು ಲಿಖಿತವಾಗಿ ತಿಳಿಸುವುದರಿಂದ ಗುರುವಿಗೆ ಯಾವ ಅಪಚಾರವೂ ಆಗುವುದಿಲ್ಲ. ದೂರು ಕೊಟ್ಟರೆ ಫಲಿತಾಂಶಕ್ಕೆ ತೊಂದರೆಯಾದೀತು ಎಂಬ ಭಯ ಇನ್ನೂ ಆಳವಾದದ್ದು. ಆ ಭಯವನ್ನು ಹೋಗಲಾಡಿಸುವ ಕರ್ತವ್ಯ ವಿದ್ಯಾರ್ಥಿಗಿಂತ ಹೆಚ್ಚಾಗಿ ಸಂಸ್ಥೆಯದು.

ಈಗ ಮೂಲ ಪ್ರಶ್ನೆಗೆ ಬರೋಣ. ದೂರಶಿಕ್ಷಣದ ವಿದ್ಯಾರ್ಥಿಗೂ ಸಂಸ್ಥೆಗೂ ನಡುವೆ ಇರುವ ಸಂಬಂಧದ ಆಧಾರ ಏನು? ಅದು ಪ್ರವೇಶದ ಮಾಹಿತಿ ಪುಸ್ತಕ. ನಾವು ಪ್ರಾಸ್ಪೆಕ್ಟಸ್ ಎಂದು ಕರೆಯುವ ಆ ಪುಸ್ತಕವನ್ನು ಓದುವವರು ಕಡಿಮೆ. ಎಷ್ಟು ಶುಲ್ಕ, ಯಾವ ಪತ್ರಿಕೆಗಳು, ಸಿದ್ಧಪಾಠಗಳು ಯಾವಾಗ ತಲುಪುತ್ತವೆ, ಸಂಪರ್ಕ ತರಗತಿಗಳು ಎಷ್ಟು, ಅಸೈನ್‌ಮೆಂಟ್‌ಗೆ ಎಷ್ಟು ಅಂಕ, ಪರೀಕ್ಷೆ ಯಾವ ತಿಂಗಳಲ್ಲಿ ಎಂಬುದೆಲ್ಲ ಅದರಲ್ಲಿರುತ್ತದೆ. ಅದರಲ್ಲಿ ಬರೆದಿರುವುದೆಲ್ಲ ಸಂಸ್ಥೆ ಕೊಟ್ಟ ಮಾತು. ತರಗತಿಯಲ್ಲಿ ಕೂತವರಿಗೆ ಅಧ್ಯಾಪಕರ ಬಾಯಿಮಾತು ಸಿಗುತ್ತದೆ, ದೂರದವರಿಗೆ ಸಿಗುವುದು ಈ ಅಚ್ಚಾದ ಮಾತು ಮಾತ್ರ. ಆದ್ದರಿಂದ ಪ್ರವೇಶ ಪಡೆಯುವ ದಿನವೇ ಅದರ ಪ್ರತಿಯನ್ನು, ಅಂತರ್ಜಾಲದಲ್ಲಿ ಇದ್ದರೆ ಅದನ್ನು ಇಳಿಸಿಕೊಂಡ ಕಡತವನ್ನು, ಶುಲ್ಕದ ಚಲನ್‌ನೊಂದಿಗೆ ಜೋಪಾನ ಮಾಡಬೇಕು. ಮರುವರ್ಷ ಜಾಲತಾಣದಲ್ಲಿ ಹೊಸ ಪುಸ್ತಕ ಬಂದಾಗ ಹಳೆಯದು ಮಾಯವಾಗಬಹುದು. ಆಗ ಕೊಟ್ಟ ಮಾತು ಏನಿತ್ತು ಎಂದು ತೋರಿಸಲು ವಿದ್ಯಾರ್ಥಿಯ ಕೈಯಲ್ಲಿ ಏನೂ ಇರುವುದಿಲ್ಲ.

ವಿಶ್ವವಿದ್ಯಾನಿಲಯ ಅನುದಾನ ಆಯೋಗ 2023ರ ಏಪ್ರಿಲ್‌ನಲ್ಲಿ ಹೊರಡಿಸಿದ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಾವಳಿ ಈ ಮಾತಿಗೆ ಕಾನೂನಿನ ಬಲ ಕೊಟ್ಟಿದೆ. 2012ರಲ್ಲಿ, ಆಮೇಲೆ 2019ರಲ್ಲಿ ಬಂದಿದ್ದ ನಿಯಮಗಳ ಮುಂದುವರಿಕೆ ಇದು. ಕುಂದುಕೊರತೆ ಎಂದರೆ ಏನೇನು ಎಂಬುದನ್ನು ನಿಯಮಾವಳಿ ಬಿಡಿಸಿ ಹೇಳುತ್ತದೆ: ಪ್ರವೇಶದಲ್ಲಿ ಅಕ್ರಮ, ಮಾಹಿತಿ ಪುಸ್ತಕದಲ್ಲಿ ಸುಳ್ಳು ಅಥವಾ ದಾರಿತಪ್ಪಿಸುವ ವಿವರ, ಮೂಲ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳುವುದು, ಹೇಳಿದ್ದಕ್ಕಿಂತ ಹೆಚ್ಚು ಹಣ ಕೇಳುವುದು, ಮೀಸಲಾತಿ ಉಲ್ಲಂಘನೆ, ವಿದ್ಯಾರ್ಥಿವೇತನದ ವಿಳಂಬ, ವೇಳಾಪಟ್ಟಿ ಮೀರಿ ಪರೀಕ್ಷೆ ಅಥವಾ ಫಲಿತಾಂಶ ತಡಮಾಡುವುದು, ಶುಲ್ಕ ಮರುಪಾವತಿ ನಿರಾಕರಣೆ, ಪಾರದರ್ಶಕವಲ್ಲದ ಮೌಲ್ಯಮಾಪನ, ತಾರತಮ್ಯ, ಕೊಡುವುದಾಗಿ ಹೇಳಿದ ಗುಣಮಟ್ಟದ ಶಿಕ್ಷಣ ಕೊಡದಿರುವುದು. ಈ ಕೊನೆಯ ಅಂಶ ದೂರಶಿಕ್ಷಣದವರಿಗೆ ಬಹಳ ಮುಖ್ಯ. ಸಿದ್ಧಪಾಠ ಕೈಸೇರದೆಯೇ ಪರೀಕ್ಷೆಯ ದಿನಾಂಕ ಬಂದರೆ, ಘೋಷಿಸಿದ ಸಂಪರ್ಕ ತರಗತಿಗಳು ನಡೆಯದೇ ಹೋದರೆ ಅದು ಈ ಅಂಶದ ಕೆಳಗೆ ಬರುತ್ತದೆ.

ಈ ನಿಯಮದ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಪ್ರಾಧ್ಯಾಪಕರೊಬ್ಬರ ಅಧ್ಯಕ್ಷತೆಯಲ್ಲಿ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರಲ್ಲಿ ಮಹಿಳೆಯೊಬ್ಬರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಅಥವಾ ಹಿಂದುಳಿದ ವರ್ಗದವರೊಬ್ಬರು ಇರಲೇಬೇಕು. ವಿದ್ಯಾರ್ಥಿ ಪ್ರತಿನಿಧಿಯೊಬ್ಬರು ವಿಶೇಷ ಆಹ್ವಾನಿತರು. ದೂರು ಸಲ್ಲಿಸಲು ಸಂಸ್ಥೆ ಆನ್‌ಲೈನ್ ವ್ಯವಸ್ಥೆ ಮಾಡಿರಬೇಕು. ಅಲ್ಲಿಗೆ ಬಂದ ದೂರನ್ನು 15 ದಿನಗಳೊಳಗೆ ತನ್ನ ಅಭಿಪ್ರಾಯದೊಂದಿಗೆ ಸಮಿತಿಗೆ ಕಳಿಸಬೇಕು. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಅದರ ಪ್ರತಿ ವಿದ್ಯಾರ್ಥಿಗೆ ಸಿಗಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಆ ಸ್ಥಾನದಲ್ಲಿರುತ್ತಾರೆ. 30 ದಿನಗಳಲ್ಲಿ ಇತ್ಯರ್ಥಪಡಿಸಲು ಅವರು ಎಲ್ಲ ಪ್ರಯತ್ನ ಮಾಡಬೇಕು. ಸಮಿತಿಯ ಮೆಟ್ಟಿಲು ಹತ್ತದೆ ನೇರವಾಗಿ ಇವರ ಬಳಿ ಹೋಗುವಂತಿಲ್ಲ. ಮರುಮೌಲ್ಯಮಾಪನ ಮಾಡಿಕೊಡಿ ಎಂದಷ್ಟೇ ಕೇಳಲೂ ಆಗುವುದಿಲ್ಲ. ಫಲಿತಾಂಶದ ಮೇಲೆ ಪರಿಣಾಮ ಬೀರಿದ ನಿರ್ದಿಷ್ಟ ಅಕ್ರಮವನ್ನೋ ತಾರತಮ್ಯವನ್ನೋ ತೋರಿಸಬೇಕು. ಸಮಿತಿಯ ಸದಸ್ಯರು ಯಾರು, ಒಂಬುಡ್ಸ್‌ಪರ್ಸನ್ ಯಾರು ಎಂಬ ವಿವರ ಜಾಲತಾಣದಲ್ಲೂ ಮಾಹಿತಿ ಪುಸ್ತಕದಲ್ಲೂ ಎದ್ದು ಕಾಣುವಂತೆ ಇರಬೇಕು. ಅದಿಲ್ಲದಿದ್ದರೆ ಆ ಕೊರತೆಯನ್ನೇ ದೂರಿನ ಮೊದಲ ಸಾಲಾಗಿ ಬರೆಯಬಹುದು.

ನನಗೆ ಈ ನಿಯಮಾವಳಿಯಲ್ಲಿ ಬಹಳ ಬೆಲೆಯುಳ್ಳದ್ದಾಗಿ ಕಂಡದ್ದು ಹೆಚ್ಚು ಜನ ಗಮನಿಸದ ಒಂದು ಅವಕಾಶ. ವಿದ್ಯಾರ್ಥಿ ತಾನೇ ಹಾಜರಾಗಬಹುದು, ಇಲ್ಲವೇ ತನ್ನ ಪರವಾಗಿ ಮಾತಾಡಲು ಬೇರೊಬ್ಬರಿಗೆ ಅಧಿಕಾರ ಕೊಡಬಹುದು. ಮೂಡಲಗಿಯಲ್ಲಿ ಕೆಲಸ ಮಾಡುತ್ತ ಓದುತ್ತಿರುವ ವಿದ್ಯಾರ್ಥಿನಿಯ ಪರವಾಗಿ ಮೈಸೂರಿನಲ್ಲಿರುವ ಅಣ್ಣ ಹೋಗಿ ಅಹವಾಲು ಮಂಡಿಸಬಹುದು. ರಜೆ ಸಿಗದವರಿಗೆ, ಪ್ರಯಾಣದ ಖರ್ಚು ಭರಿಸಲಾಗದವರಿಗೆ ಇದೊಂದು ದೊಡ್ಡ ಆಸರೆ.

ಇನ್ನು ಅರ್ಜಿಯ ಸ್ವರೂಪ. ಸಂಕಟದಲ್ಲಿರುವವರು ಉದ್ದ ಪತ್ರ ಬರೆಯುತ್ತಾರೆ, ಅದು ಸಹಜ. ಆದರೆ ಕಚೇರಿಯ ವಿಷಯ ನಿರ್ವಾಹಕರ ಮೇಜಿನ ಮೇಲೆ ಉದ್ದ ಪತ್ರ ಕೆಳಕ್ಕೆ ಸರಿಯುತ್ತ ಹೋಗುತ್ತದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ. ನೋಂದಣಿ ಸಂಖ್ಯೆ, ಕೋರ್ಸು, ಸೆಮಿಸ್ಟರ್, ಅಧ್ಯಯನ ಕೇಂದ್ರ, ಘಟನೆಯ ದಿನಾಂಕ, ಯಾವ ನಿಯಮ ಅಥವಾ ಮಾಹಿತಿ ಪುಸ್ತಕದ ಯಾವ ಪುಟದ ಉಲ್ಲಂಘನೆ ಆಗಿದೆ, ಏನು ಪರಿಹಾರ ಬೇಕು ಎಂಬಿಷ್ಟು ಸ್ಪಷ್ಟವಾಗಿದ್ದರೆ ಸಾಕು. ಕೊನೆಯದನ್ನು ಬರೆಯಲು ಬಹಳ ಜನ ಮರೆಯುತ್ತಾರೆ. ‘ನನಗೆ ಅನ್ಯಾಯವಾಗಿದೆ’ ಎಂದು ಬರೆದರೆ ಅನುಕಂಪ ಸಿಗಬಹುದು, ಆದೇಶ ಸಿಗುವುದಿಲ್ಲ. ‘ಮೂರನೇ ಸೆಮಿಸ್ಟರಿನ ಅಸೈನ್‌ಮೆಂಟ್ ಅಂಕಗಳನ್ನು ಸೇರಿಸಿ ತಿದ್ದುಪಡಿ ಅಂಕಪಟ್ಟಿ ಕೊಡಿ’ ಎಂದು ಬರೆದರೆ ಯಾರಾದರೂ ಒಬ್ಬರು ಹೌದು ಅಥವಾ ಇಲ್ಲ ಎನ್ನಲೇಬೇಕಾಗುತ್ತದೆ. ಅರ್ಜಿಯನ್ನು ಖುದ್ದಾಗಿ ಕೊಟ್ಟರೆ ಟಪಾಲು ವಿಭಾಗದ ಮೊಹರಿನ ಸ್ವೀಕೃತಿ ಪಡೆಯಬೇಕು. ಅಂಚೆಯಲ್ಲಿ ಕಳಿಸಿದರೆ ರಸೀದಿ ಇಟ್ಟುಕೊಳ್ಳಬೇಕು. ಆನ್‌ಲೈನ್ ಆದರೆ ದೂರಿನ ಸಂಖ್ಯೆ ಬಂದ ಪರದೆಯ ಚಿತ್ರ ತೆಗೆದಿಡಬೇಕು. ಬಾಯಲ್ಲಿ ಸಿಕ್ಕ ಉತ್ತರಕ್ಕೆ ತೃಪ್ತರಾಗದೆ ಲಿಖಿತ ಹಿಂಬರಹ ಕೇಳಬೇಕು. ಫೋನಿನಲ್ಲಿ ಮಾತಾಡಿದ್ದರೆ ಅದೇ ದಿನ ‘ಇಂದು ತಾವು ಹೀಗೆ ತಿಳಿಸಿದಿರಿ’ ಎಂದು ಒಂದು ಇಮೇಲ್ ಕಳಿಸಿದರೆ ಆ ಮಾತಿಗೂ ದಾಖಲೆಯ ರೂಪ ಬರುತ್ತದೆ. ದೂರದಲ್ಲಿರುವವರ ಮಾತಿಗೆ ಸಾಕ್ಷಿಗಳಿರುವುದಿಲ್ಲ, ಕಾಗದವೇ ಸಾಕ್ಷಿ.

ಅಧ್ಯಯನ ಕೇಂದ್ರ ಮತ್ತು ವಿಶ್ವವಿದ್ಯಾನಿಲಯ ಪರಸ್ಪರ ಕೈ ತೋರಿಸುವುದು ದೂರಶಿಕ್ಷಣಕ್ಕೇ ವಿಶಿಷ್ಟವಾದ ಕಷ್ಟ. ಅಸೈನ್‌ಮೆಂಟ್ ನಾವು ಕಳಿಸಿದ್ದೇವೆ ಎಂದು ಕೇಂದ್ರ ಹೇಳುತ್ತದೆ, ನಮಗೆ ಬಂದಿಲ್ಲ ಎಂದು ಪರೀಕ್ಷಾಂಗ ಹೇಳುತ್ತದೆ. ಕಾನೂನಿನ ಕಣ್ಣಲ್ಲಿ ಇದಕ್ಕೆ ಉತ್ತರ ಸರಳ: ಪದವಿ ಕೊಡುವವರೇ ಹೊಣೆಗಾರರು. ಆಯೋಗದ 2020ರ ಮುಕ್ತ ಮತ್ತು ದೂರಶಿಕ್ಷಣ ನಿಯಮಾವಳಿ ಫ್ರಾಂಚೈಸಿ ಪದ್ಧತಿಯನ್ನು ನಿಷೇಧಿಸಿದೆ. ಪ್ರವೇಶ, ಪರೀಕ್ಷೆ, ಪದವಿ ಪ್ರದಾನದ ಹೊಣೆಯನ್ನು ವಿಶ್ವವಿದ್ಯಾನಿಲಯ ಹೊರಗಿನವರ ಹೆಗಲಿಗೆ ದಾಟಿಸುವಂತಿಲ್ಲ. ಆದ್ದರಿಂದ ಅರ್ಜಿಯನ್ನು ಕೇಂದ್ರದ ಸಂಯೋಜಕರಿಗೆ ಬರೆದರೂ ಅದರ ಪ್ರತಿಯನ್ನು ಪ್ರಾದೇಶಿಕ ನಿರ್ದೇಶಕರಿಗೂ ಕುಲಸಚಿವರಿಗೂ ಕಳಿಸಬೇಕು. ಇಗ್ನೋ ವಿದ್ಯಾರ್ಥಿಗಳಿಗೆ ಐಗ್ರಾಮ್ ಎಂಬ ಪ್ರತ್ಯೇಕ ಆನ್‌ಲೈನ್ ವ್ಯವಸ್ಥೆ ಇದೆ. ನಮ್ಮ ರಾಜ್ಯದಲ್ಲಿ ಬೆಂಗಳೂರು ಮತ್ತು ವಿಜಯಪುರಗಳಲ್ಲಿ ಇಗ್ನೋದ ಪ್ರಾದೇಶಿಕ ಕೇಂದ್ರಗಳಿವೆ.

ಸಂಸ್ಥೆಯೊಳಗೆ ಬಾಗಿಲು ತೆರೆಯದಿದ್ದರೆ ಹೊರಗಿನ ಬಾಗಿಲುಗಳಿವೆ. ಆಯೋಗದ ದೂರಶಿಕ್ಷಣ ವಿಭಾಗ ಒಂದು. ಹಿಂದೆ ಇಗ್ನೋದ ಅಡಿಯಲ್ಲೇ ಇದ್ದ ದೂರಶಿಕ್ಷಣ ಮಂಡಳಿ 2013ರಲ್ಲಿ ವಿಸರ್ಜನೆಯಾಗಿ ಆ ಹೊಣೆ ಆಯೋಗಕ್ಕೆ ಬಂತು. ತಾನೇ ಕಲಿಸುವ ಸಂಸ್ಥೆಯ ಕೈಯಲ್ಲಿ ಉಳಿದವರನ್ನು ನಿಯಂತ್ರಿಸುವ ಅಧಿಕಾರ ಇರಬಾರದೆಂಬ ತತ್ತ್ವದ ದೃಷ್ಟಿಯಿಂದ ಅದು ಸರಿಯಾದ ಹೆಜ್ಜೆ. ಆಯೋಗದ ಇ-ಸಮಾಧಾನ್ ವ್ಯವಸ್ಥೆಯಲ್ಲಿ ವಿದ್ಯಾರ್ಥಿ ದೂರು ದಾಖಲಿಸಬಹುದು. ಕೇಂದ್ರೀಯ ಸಂಸ್ಥೆಯಾದರೆ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಎಂಬ ದೂರು ಜಾಲತಾಣ, ರಾಜ್ಯದ್ದಾದರೆ ಉನ್ನತ ಶಿಕ್ಷಣ ಇಲಾಖೆ ಮತ್ತು 1902 ಸಂಖ್ಯೆಯ ಜನಸ್ಪಂದನ ಸಹಾಯವಾಣಿ ಇವೆ. ಇವೆಲ್ಲ ಬಹುಪಾಲು ದೂರನ್ನು ಮತ್ತೆ ಸಂಸ್ಥೆಗೇ ಕಳಿಸುತ್ತವೆ ಎಂದು ವಿದ್ಯಾರ್ಥಿಗಳು ಬೇಸರಪಡುತ್ತಾರೆ. ಬೇಸರಕ್ಕೆ ಕಾರಣ ಇದೆ. ಆದರೂ ಮೇಲಿನಿಂದ ಬಂದ ಪತ್ರಕ್ಕೆ ಉತ್ತರ ಕೊಡಬೇಕಾದ ಒತ್ತಡ ಬೇರೆ. ಆ ಉತ್ತರವೇ ಮುಂದಿನ ಹಂತಕ್ಕೆ ಆಧಾರವಾಗುತ್ತದೆ.

ಮಾಹಿತಿ ಹಕ್ಕಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಬಡ ವಿದ್ಯಾರ್ಥಿಗೆ ಇದಕ್ಕಿಂತ ಅಗ್ಗದ, ಹರಿತವಾದ ಸಾಧನ ಬೇರೊಂದಿಲ್ಲ. 2005ರ ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಕನ್ನಡದಲ್ಲೇ ಅರ್ಜಿ ಹಾಕಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಆ ಶುಲ್ಕವೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದಗಳೊಳಗೆ, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. 30 ದಿನಗಳಲ್ಲಿ ಉತ್ತರ ಬರಬೇಕು. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಏನು ಕೇಳಬೇಕು? ‘ನನ್ನ ಫಲಿತಾಂಶ ಏಕೆ ಬಂದಿಲ್ಲ’ ಎಂದು ಕೇಳಿದರೆ ಅದು ಪ್ರಶ್ನೆ, ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ‘ಇಂಥ ದಿನಾಂಕದ ನನ್ನ ಅರ್ಜಿಯ ಮೇಲೆ ಕಡತದಲ್ಲಿ ಬರೆದಿರುವ ಟಿಪ್ಪಣಿಗಳ ಪ್ರತಿ ಕೊಡಿ’ ಎಂದು ಕೇಳಿದರೆ ಅರ್ಜಿ ಯಾವ ಮೇಜಿನಲ್ಲಿ ಎಷ್ಟು ದಿನ ಮಲಗಿತ್ತು ಎಂಬುದು ಗೊತ್ತಾಗುತ್ತದೆ. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ತೀರ್ಪಿತ್ತಿದೆ. ಖಾಸಗಿ ವಿಶ್ವವಿದ್ಯಾನಿಲಯ ನಾವು ಈ ಕಾಯ್ದೆಗೆ ಒಳಪಡುವುದಿಲ್ಲ ಎಂದರೆ, ಅದರಿಂದ ಮಾಹಿತಿ ಪಡೆಯುವ ಅಧಿಕಾರವುಳ್ಳ ಅನುದಾನ ಆಯೋಗಕ್ಕೋ ಉನ್ನತ ಶಿಕ್ಷಣ ಇಲಾಖೆಗೋ ಅರ್ಜಿ ಹಾಕಬಹುದು.

ಇಲ್ಲಿಯವರೆಗೆ ಹೇಳಿದ್ದು ಒಬ್ಬೊಬ್ಬರ ಅಹವಾಲು. ಇಡೀ ತಂಡಗಳೇ ಅತಂತ್ರವಾಗುವ ಸಂದರ್ಭ ಬೇರೆ. 2015ರ ಜೂನ್‌ನಲ್ಲಿ ಆಯೋಗ ನಮ್ಮ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ 2012-13ರ ನಂತರದ ಕೋರ್ಸುಗಳಿಗೆ ಮಾನ್ಯತೆ ಇಲ್ಲವೆಂದು ಪ್ರಕಟಿಸಿತು. ರಾಜ್ಯದ ಗಡಿ ದಾಟಿ ಖಾಸಗಿ ಸಹಭಾಗಿ ಸಂಸ್ಥೆಗಳ ಮೂಲಕ ಕೋರ್ಸು ನಡೆಸಿದ್ದು ಮುಖ್ಯ ಆಕ್ಷೇಪ. ರಾಜ್ಯದೊಳಗೆ ನಿಯಮದಂತೆ ಸೇರಿ, ಪ್ರಾಮಾಣಿಕವಾಗಿ ಓದಿದವರೂ ಆ ನಿರ್ಧಾರದ ಕೆಳಗೆ ಸಿಕ್ಕಿಕೊಂಡರು. ಬಡ್ತಿಗಾಗಿ, ನೇಮಕಾತಿಗಾಗಿ ಪದವಿಗೆ ಕಾದಿದ್ದವರ ವರ್ಷಗಳು ಕಳೆದವು. 2018ರಲ್ಲಿ ಮಾನ್ಯತೆ ಮರಳಿತು, ವಿಶ್ವವಿದ್ಯಾನಿಲಯ ಮತ್ತೆ ಎದ್ದು ನಿಂತಿತು, ಅದು ನಮ್ಮೆಲ್ಲರಿಗೂ ಸಮಾಧಾನ ತಂದ ಸಂಗತಿ. ಆದರೆ ಅಷ್ಟು ದೊಡ್ಡ ಸಂಕಟದಲ್ಲಿ ವಿದ್ಯಾರ್ಥಿಯ ಕೈಗೆ ಸಿಕ್ಕ ದಾರಿಗಳು ಮನವಿ, ಧರಣಿ ಮತ್ತು ಹೈಕೋರ್ಟು ಮಾತ್ರ. ಸಂಸ್ಥೆಯೊಳಗಿನ ಸಮಿತಿಗೆ ಇಂಥ ಅಹವಾಲನ್ನು ಇತ್ಯರ್ಥ ಮಾಡುವ ಶಕ್ತಿಯೇ ಇರುವುದಿಲ್ಲ. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೆಲವು ಡೀಮ್ಡ್ ವಿಶ್ವವಿದ್ಯಾನಿಲಯಗಳು ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ಬಗ್ಗೆ ಕಠಿಣ ತೀರ್ಪು ಕೊಟ್ಟಾಗಲೂ ಪೆಟ್ಟು ಬಿದ್ದದ್ದು ವಿದ್ಯಾರ್ಥಿಗಳ ಮೇಲೆ. ಆದ್ದರಿಂದ ಸೇರುವ ಮೊದಲೇ ಆಯೋಗದ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ನೋಡಬೇಕು. ಸಂಸ್ಥೆಗೆ ಮಾನ್ಯತೆ ಇದ್ದರೆ ಸಾಲದು. 2024ರಿಂದ ಪ್ರವೇಶಕ್ಕೆ ಮುನ್ನ ವಿದ್ಯಾರ್ಥಿ ಆ ವಿಭಾಗದಲ್ಲಿ ಡೆಬ್ ಐಡಿ ಎಂಬ ಗುರುತಿನ ಸಂಖ್ಯೆ ಪಡೆಯುವ ವ್ಯವಸ್ಥೆ ಬಂದಿರುವುದರಿಂದ ಈ ಪರಿಶೀಲನೆ ಸ್ವಲ್ಪ ಸುಲಭವಾಗಿದೆ.

ನ್ಯಾಯಾಲಯಗಳ ವಿಷಯ ಸಂಕ್ಷೇಪವಾಗಿ ಹೇಳುತ್ತೇನೆ. ಗ್ರಾಹಕ ನ್ಯಾಯಾಲಯಕ್ಕೆ ಹೋಗಿ ಎಂದು ಸಲಹೆ ಕೊಡುವವರು ಬಹಳ. 2010ರಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿ ಗ್ರಾಹಕನಲ್ಲ, ವಿಶ್ವವಿದ್ಯಾನಿಲಯ ಸೇವೆ ಮಾರುವ ಸಂಸ್ಥೆಯಲ್ಲ ಎಂದಿತ್ತು. ಅದಕ್ಕೂ ಹಿಂದಿನ ವರ್ಷ, ಮಾನ್ಯತೆ ಇದೆಯೆಂದು ಸುಳ್ಳು ಹೇಳಿ ಸೇರಿಸಿಕೊಂಡ ದಂತವೈದ್ಯ ಕಾಲೇಜಿನ ಪ್ರಕರಣದಲ್ಲಿ ಪರಿಹಾರ ಎತ್ತಿಹಿಡಿದಿತ್ತು. ಈ ಗೊಂದಲ ಪೂರ್ತಿ ತಿಳಿಯಾಗುವವರೆಗೆ ಆ ದಾರಿಯನ್ನೇ ನೆಚ್ಚಿಕೊಳ್ಳದಿರುವುದು ಒಳಿತು. ಸಾರ್ವಜನಿಕ ವಿಶ್ವವಿದ್ಯಾನಿಲಯದ ವಿರುದ್ಧ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದು. ಉತ್ತರ ಕರ್ನಾಟಕದವರಿಗೆ ಧಾರವಾಡ ಮತ್ತು ಕಲಬುರಗಿ ಪೀಠಗಳಿವೆ. ಖರ್ಚಿಗೆ ಹೆದರಿ ಹಿಂದೆ ಸರಿಯುವವರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯನ್ನು ನೆನೆಯಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ವರಮಾನದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ದೂರಶಿಕ್ಷಣವನ್ನು ಆಶ್ರಯಿಸುವ ಎಷ್ಟೋ ಜನ ಈ ಪಟ್ಟಿಯೊಳಗೇ ಇದ್ದಾರೆ, ಆದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಆ ಕಚೇರಿಯ ಬಾಗಿಲು ತಟ್ಟುವವರು ಕಡಿಮೆ.

ನಿಯಮಗಳು ಚೆನ್ನಾಗಿವೆ ಎಂದು ಹೊಗಳಿದೆ. ಅವುಗಳ ದೌರ್ಬಲ್ಯವನ್ನೂ ಹೇಳದಿದ್ದರೆ ಈ ವಿಷಯಕ್ಕೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ. ಸಮಿತಿಯ ಸದಸ್ಯರು ಅದೇ ಸಂಸ್ಥೆಯ ಪ್ರಾಧ್ಯಾಪಕರು. ಒಂಬುಡ್ಸ್‌ಪರ್ಸನ್‌ರನ್ನು ನೇಮಿಸುವುದೂ ಅದೇ ವಿಶ್ವವಿದ್ಯಾನಿಲಯ. ವೈಯಕ್ತಿಕವಾಗಿ ಅವರು ಎಷ್ಟೇ ನಿಷ್ಪಕ್ಷಪಾತಿಗಳಾಗಿದ್ದರೂ ದೂರುದಾರನ ಮನಸ್ಸಿನಲ್ಲಿ ವಿಶ್ವಾಸ ಹುಟ್ಟುವುದು ಕಷ್ಟ. ಒಂಬುಡ್ಸ್‌ಪರ್ಸನ್‌ರನ್ನೇ ನೇಮಿಸದ ವಿಶ್ವವಿದ್ಯಾನಿಲಯಗಳ ಹೆಸರುಗಳನ್ನು 2024ರಲ್ಲಿ ಆಯೋಗವೇ ಬಹಿರಂಗವಾಗಿ ಪ್ರಕಟಿಸಬೇಕಾಯಿತು. ನಿಯಮ ಪಾಲಿಸದ ಸಂಸ್ಥೆಯನ್ನು ನಿರ್ದಿಷ್ಟ ಅವಧಿಗೆ ದೂರಶಿಕ್ಷಣ ನಡೆಸದಂತೆ ತಡೆಯುವ ಅಧಿಕಾರ ಆಯೋಗಕ್ಕಿದೆ. ಅದನ್ನು ಬಳಸಿದರೆ ಹೊಸ ಪ್ರವೇಶ ನಿಲ್ಲುತ್ತದೆ, ಈಗಾಗಲೇ ಓದುತ್ತಿರುವವರ ಅಹವಾಲು ಹಾಗೇ ಉಳಿಯುತ್ತದೆ. ಶಿಕ್ಷೆಯ ಜೊತೆಗೆ ಅವರ ಪರೀಕ್ಷೆ, ಪದವಿ, ಶುಲ್ಕದ ರಕ್ಷಣೆಯನ್ನು ಆದೇಶದಲ್ಲೇ ಕಡ್ಡಾಯ ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ವಿಶ್ವವಿದ್ಯಾನಿಲಯಗಳು ಕಾನೂನು ತಿದ್ದುಪಡಿಗೆ ಕಾಯದೆ ಇವತ್ತೇ ಮಾಡಬಹುದಾದ ಕೆಲಸಗಳಿವೆ. ಸಮಿತಿಯ ವಿಚಾರಣೆಯನ್ನು ಪ್ರಾದೇಶಿಕ ಕೇಂದ್ರಗಳಲ್ಲಿ, ಭಾನುವಾರಗಳಂದು, ವಿಡಿಯೋ ಮೂಲಕ ನಡೆಸಬಹುದು. ಪರೀಕ್ಷೆಯನ್ನು ಜಿಲ್ಲೆ ಜಿಲ್ಲೆಯಲ್ಲಿ ನಡೆಸಬಲ್ಲವರಿಗೆ ಇದು ಕಷ್ಟವಲ್ಲ. ಕನ್ನಡದಲ್ಲಿ ಬಂದ ದೂರಿಗೆ ಕನ್ನಡದಲ್ಲೇ, ಕಾರಣ ಸಹಿತ ಹಿಂಬರಹ ಕೊಡಬಹುದು. ಸಮಿತಿಯ ವಿಶೇಷ ಆಹ್ವಾನಿತ ವಿದ್ಯಾರ್ಥಿಯನ್ನು ಆವರಣದೊಳಗಿನವರಿಂದ ಆರಿಸದೆ ದೂರಶಿಕ್ಷಣದವರಿಂದಲೇ ಆರಿಸಬಹುದು. ಪ್ರತಿ ಸೆಮಿಸ್ಟರಿನ ಕೊನೆಯಲ್ಲಿ ಎಷ್ಟು ದೂರು ಬಂದವು, ಯಾವ ಬಗೆಯವು, ಎಷ್ಟು ದಿನದಲ್ಲಿ ಮುಗಿದವು ಎಂಬ ಪಟ್ಟಿಯನ್ನು, ಹೆಸರುಗಳನ್ನು ಬಿಟ್ಟು, ಪ್ರಕಟಿಸಬಹುದು. ಒಂದೇ ಅಧ್ಯಯನ ಕೇಂದ್ರದಿಂದ ಅಸೈನ್‌ಮೆಂಟ್ ಅಂಕ ಕಾಣೆಯಾದ ಹತ್ತು ದೂರು ಬಂದಿದ್ದರೆ ಅದು ಹತ್ತು ಜನರ ದುರದೃಷ್ಟ ಎನಿಸಿಕೊಳ್ಳುವುದಿಲ್ಲ, ಆ ಕೇಂದ್ರದ ಲೋಪ ಎನಿಸಿಕೊಳ್ಳುತ್ತದೆ. ದೂರಶಿಕ್ಷಣ ನಡೆಸುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಗುಣಮಟ್ಟ ಖಾತರಿ ಕೇಂದ್ರ ಇರಬೇಕೆಂದು 2020ರ ನಿಯಮಾವಳಿ ಹೇಳುತ್ತದೆ. ಆ ಕೇಂದ್ರದ ಮೇಜಿಗೆ ಈ ಪಟ್ಟಿ ತಪ್ಪದೆ ಹೋಗಬೇಕು, ಮುಂದಿನ ವರ್ಷದ ಪ್ರವೇಶ ಪ್ರಕಟಣೆ ಹೊರಡುವ ಮೊದಲು ಅದರ ಮೇಲೆ ಕೈಗೊಂಡ ಕ್ರಮ ಏನೆಂದು ಕುಲಸಚಿವರು ರುಜು ಹಾಕಿ ತಿಳಿಸಬೇಕು.